ತಿರುಕನ ಜೋಳಿಗೆ, ಅರವತ್ತು ವರ್ಷಗಳ ಬೀಗ

ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿ ನಾಡಿಗೆ ಪರಿಚಿತವಾದುದು ಒಬ್ಬ ಸಂನ್ಯಾಸಿಯ ಜೋಳಿಗೆಯಿಂದ. ರಾಘವೇಂದ್ರ ಸ್ವಾಮೀಜಿಯವರು ಊರೂರು ಅಲೆದು, ಬೇಡಿ ತಂದ ಧನಧಾನ್ಯದಿಂದ ಅಲ್ಲಿ ಅನಾಥಸೇವಾಶ್ರಮವನ್ನು ಬೆಳೆಸಿದರು. ಯೋಗ ಶಿಬಿರಗಳನ್ನು ನಡೆಸಿದರು, ಆಯುರ್ವೇದದ ಚಿಕಿತ್ಸೆ ನೀಡಿದರು, ಹಳ್ಳಿಯ ಮಕ್ಕಳಿಗೆ ಶಾಲೆ ತೆರೆದರು. ಇದೆಲ್ಲದರ ನಡುವೆ ಅವರು ಕನ್ನಡದಲ್ಲಿ ಬರೆದವರೂ ಹೌದು. ಬರೆಯುವಾಗ ಇಟ್ಟುಕೊಂಡ ಹೆಸರು ‘ತಿರುಕ’. ಆತ್ಮಕಥೆಗೆ ಕೊಟ್ಟ ಹೆಸರು ‘ಜೋಳಿಗೆಯ ಪವಾಡ’. ಪಡೆದದ್ದೆಲ್ಲ ಪರರದು, ಕೊಡುವುದೆಲ್ಲ ಪರರಿಗೆ ಎಂಬ ನಿಲುವನ್ನು ಇಷ್ಟು ಸ್ಪಷ್ಟವಾಗಿ ತನ್ನ ಕಾವ್ಯನಾಮದಲ್ಲೇ ಕೆತ್ತಿಸಿಕೊಂಡ ಲೇಖಕರು ಕನ್ನಡದಲ್ಲಿ ವಿರಳ.

ಸ್ವಾಮೀಜಿ 1996ರಲ್ಲಿ ದೇಹತ್ಯಾಗ ಮಾಡಿದರು. ಭಾರತದ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕನ ಹಕ್ಕು ಆತನ ಜೀವಿತಕಾಲವನ್ನೂ, ಮರಣಾನಂತರದ 60 ವರ್ಷಗಳನ್ನೂ ಒಳಗೊಳ್ಳುತ್ತದೆ. ಮರಣದ ಮರುವರ್ಷದ ಆರಂಭದಿಂದ ಎಣಿಕೆ ಶುರುವಾಗುತ್ತದೆ. ಕಾವ್ಯನಾಮದಲ್ಲಿ ಬರೆದರೂ ಲೇಖಕನ ಗುರುತು ಲೋಕಕ್ಕೆ ತಿಳಿದಿದ್ದರೆ ಇದೇ ಲೆಕ್ಕ. ಆದ್ದರಿಂದ ತಿರುಕನ ವಾಕ್ಯಗಳು 2056ರ ಡಿಸೆಂಬರ್ 31ರವರೆಗೆ ಕಾನೂನಿನ ದೃಷ್ಟಿಯಲ್ಲಿ ಖಾಸಗಿ ಸ್ವತ್ತು. ಬೇಡಿ ಬದುಕಿದವನ ಬರಹ ಅರವತ್ತು ವರ್ಷ ಆಸ್ತಿಯಾಗಿ ಉಳಿಯುತ್ತದೆ. ಇದು ಯಾವುದೇ ಆಶ್ರಮದ ಅಥವಾ ವಾರಸುದಾರರ ಮೇಲಿನ ಆಕ್ಷೇಪವಲ್ಲ. ಅವರು ಕೇಳಲಿ, ಬಿಡಲಿ, ಕಾಯ್ದೆ ಈ ಬೀಗವನ್ನು ತಾನಾಗಿ ಹಾಕುತ್ತದೆ. ಆಕ್ಷೇಪವಿರುವುದು ಆ ಬೀಗದ ಮೇಲೆ, ಮತ್ತು ಅದನ್ನು ‘ಒಡೆಯನ ಹಕ್ಕಿಗೂ ಸಾರ್ವಜನಿಕ ಹಿತಕ್ಕೂ ನಡುವಣ ಸಮತೋಲನ’ ಎಂದು ಪಠ್ಯಪುಸ್ತಕಗಳಲ್ಲಿ ಹೊಗಳುವ ರೂಢಿಯ ಮೇಲೆ.

ಆಸನ ಎಲ್ಲರದು, ವಾಕ್ಯ ಒಬ್ಬರದು

ಬೌದ್ಧಿಕ ಆಸ್ತಿಯ ಕಾನೂನಿನಲ್ಲಿ ಒಂದು ಮೂಲತತ್ತ್ವವಿದೆ. ವಿಚಾರ, ವಿಧಾನ, ಪದ್ಧತಿಗಳಿಗೆ ಕೃತಿಸ್ವಾಮ್ಯವಿಲ್ಲ; ಅವನ್ನು ಹೇಳಿದ ಮಾತಿನ ರೂಪಕ್ಕೆ ಮಾತ್ರ ಇದೆ. ಈ ತತ್ತ್ವ ಯೋಗದ ವಿಷಯದಲ್ಲೇ ಪರೀಕ್ಷೆಗೆ ಒಳಗಾಗಿದೆ. ಅಮೆರಿಕದಲ್ಲಿ ನೆಲೆಸಿದ್ದ ಬಿಕ್ರಮ್ ಚೌಧರಿ ತಾವು ಜೋಡಿಸಿದ 26 ಆಸನ ಮತ್ತು ಎರಡು ಉಸಿರಾಟದ ಅಭ್ಯಾಸಗಳ ಸರಣಿಗೆ ಕೃತಿಸ್ವಾಮ್ಯ ಕೇಳಿದರು. 2015ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು: ಆಸನಗಳ ಸರಣಿ ಆರೋಗ್ಯದ ಒಂದು ಪದ್ಧತಿಯೇ ಹೊರತು ಸ್ವಾಮ್ಯಕ್ಕೆ ಒಳಪಡುವ ಕೃತಿಯಲ್ಲ ಎಂಬುದು ತೀರ್ಪಿನ ಸಾರ. ಪೇಟೆಂಟಿನ ಬಾಗಿಲನ್ನೂ ಭಾರತ ತನ್ನ ಮಟ್ಟಿಗೆ ಮುಚ್ಚಿದೆ. ಪರಂಪರಾಗತ ಜ್ಞಾನಕ್ಕೆ ಪೇಟೆಂಟ್ ಸಲ್ಲದೆಂದು ಪೇಟೆಂಟ್ ಕಾಯ್ದೆಯ ಮೂರನೆಯ ಕಲಂ ಹೇಳುತ್ತದೆ. ಅರಿಸಿನದ ಗಾಯ ಮಾಯಿಸುವ ಗುಣಕ್ಕೆ ಅಮೆರಿಕ 1995ರಲ್ಲಿ ನೀಡಿದ್ದ ಪೇಟೆಂಟನ್ನು ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಪ್ರಶ್ನಿಸಿ 1997ರಲ್ಲಿ ರದ್ದುಪಡಿಸಿದ್ದು ಎಲ್ಲರೂ ಬಲ್ಲ ಸಂಗತಿ.

ಇವೆಲ್ಲ ನ್ಯಾಯವಾದ ನಿರ್ಣಯಗಳೇ. ಆದರೆ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ವಿಚಿತ್ರವಾದ ಚಿತ್ರವೊಂದು ಮೂಡುತ್ತದೆ. ಮಲ್ಲಾಡಿಹಳ್ಳಿಯ ಶಿಬಿರದಲ್ಲಿ ಕಲಿತ ಆಸನವನ್ನು ಯಾವ ದೇಶದಲ್ಲಿ ಬೇಕಾದರೂ ಶುಲ್ಕಕ್ಕೆ ಕಲಿಸಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಅದೇ ಆಸನವನ್ನು ಹಳ್ಳಿಯವನಿಗೆ ತಿಳಿಯುವ ಕನ್ನಡದಲ್ಲಿ ವಿವರಿಸಿದ ತಿರುಕನ ಪುಸ್ತಕವನ್ನು ಹೊಳಲ್ಕೆರೆಯ ಕಾಲೇಜೊಂದು ಮರುಮುದ್ರಿಸಿ ಊರಿನವರಿಗೆ ಹಂಚಬೇಕೆಂದರೆ ಅನುಮತಿ ಬೇಕು. ವ್ಯಾಪಾರಕ್ಕೆ ಒದಗುವ ಭಾಗ ಮುಕ್ತ, ಓದಿಗೆ ಒದಗುವ ಭಾಗ ಬಂದ್. ನಷ್ಟವಾದುದು ಯೋಗಕ್ಕಲ್ಲ, ಕನ್ನಡಕ್ಕೆ.

ಅರಿಸಿನದ ಪ್ರಕರಣದಲ್ಲಿ ಇನ್ನೊಂದು ಪಾಠವೂ ಇದೆ. ಅಲ್ಲಿ ಗೆದ್ದದ್ದು ಅಜ್ಜಿಯ ಅನುಭವವಲ್ಲ, ಅಚ್ಚಾದ ಬರಹ. ಪರದೇಶದ ತಿಳಿವಳಿಕೆ ಮುದ್ರಿತ ರೂಪದಲ್ಲಿದ್ದರೆ ಮಾತ್ರ ಅಮೆರಿಕದ ಅಂದಿನ ಕಾನೂನು ಅದನ್ನು ಸಾಕ್ಷ್ಯವೆಂದು ಒಪ್ಪುತ್ತಿತ್ತು. ಜನರ ಜ್ಞಾನವನ್ನು ಪರರ ಪಾಲಾಗದಂತೆ ಕಾಯುವುದು ಗುಟ್ಟಲ್ಲ, ಪ್ರಕಟಣೆ. ಓದಲು ಸಿಗದ ಪುಸ್ತಕ ಸಾಕ್ಷಿ ಹೇಳಲಾರದು.

ಶಾಸ್ತ್ರದಾನದ ಲೆಕ್ಕ

ಕೃತಿಸ್ವಾಮ್ಯವನ್ನು ಪ್ರಶ್ನಿಸಿದಾಗಲೆಲ್ಲ ‘ಲೇಖಕ ಬದುಕುವುದು ಬೇಡವೇ’ ಎಂಬ ಮರುಪ್ರಶ್ನೆ ಬರುತ್ತದೆ. ಬದುಕಬೇಕು, ಅದರಲ್ಲಿ ಎರಡು ಮಾತಿಲ್ಲ. ಗಳಗನಾಥರು ತಮ್ಮ ಕಾದಂಬರಿಗಳ ಹೊರೆಯನ್ನು ತಾವೇ ಹೊತ್ತು ಊರೂರು ಮಾರಿದ ನಾಡಿದು. ಇಂದಿಗೂ ಬರಹದಿಂದಲೇ ಬದುಕುವ ಕನ್ನಡ ಲೇಖಕರನ್ನು ಬೆರಳೆಣಿಕೆಯಲ್ಲಿ ಎಣಿಸಬಹುದು. ಹೊಸ ಪುಸ್ತಕ ಮಾರುಕಟ್ಟೆಗೆ ಬಂದ ವಾರದಲ್ಲೇ ಅದರ ಕಳ್ಳಪ್ರತಿಯನ್ನು ಮೊಬೈಲಿನಿಂದ ಮೊಬೈಲಿಗೆ ದಾಟಿಸುವವರು ಜ್ಞಾನಪ್ರಸಾರ ಮಾಡುತ್ತಿಲ್ಲ, ಜೀವಂತ ಲೇಖಕನ ಅನ್ನ ಕಸಿಯುತ್ತಿದ್ದಾರೆ. ಪ್ರಶ್ನೆ ಲೇಖಕನಿಗೆ ಸಲ್ಲಬೇಕೇ ಎಂಬುದಲ್ಲ. ಯಾವಾಗ ಸಲ್ಲಬೇಕು, ಯಾರಿಂದ ಸಲ್ಲಬೇಕು, ಎಲ್ಲಿಯವರೆಗೆ ಸಲ್ಲಬೇಕು ಎಂಬುದು.

ಈ ಪ್ರಶ್ನೆಗೆ ಪ್ರಾಚೀನ ಕನ್ನಡ ಒಂದು ಉತ್ತರ ಕೊಟ್ಟಿತ್ತು. ಪಂಪನಿಗೆ ಅರಿಕೇಸರಿ ಅಗ್ರಹಾರ ಕೊಟ್ಟನು. ಮಲ್ಲಪ ಮತ್ತು ಪುನ್ನಮಯ್ಯ ಎಂಬ ಸೋದರರು ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದರು. ಕವಿಗೆ ಸಲ್ಲಬೇಕಾದುದು ಕವಿ ಬದುಕಿರುವಾಗಲೇ, ಒಮ್ಮೆಗೇ ಸಲ್ಲುತ್ತಿತ್ತು. ಆ ಬಳಿಕ ಕೃತಿಯ ಪ್ರತಿ ಮಾಡುವುದು ಅಪರಾಧವಲ್ಲ, ಪುಣ್ಯ. ಮಲ್ಲಪನ ಮಗಳು ಅತ್ತಿಮಬ್ಬೆ ಅದೇ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಶಾಸ್ತ್ರವನ್ನು ಅನ್ನ ಮತ್ತು ಮದ್ದಿನ ಸಾಲಿನಲ್ಲಿ ನಿಲ್ಲಿಸಿದ ಪರಂಪರೆಗೆ ಪುಸ್ತಕದ ಪ್ರತಿ ಎಂಬುದು ಹಸಿದವನ ಮುಂದಿಡುವ ತುತ್ತಾಗಿತ್ತು. ಹಾಗೆಂದು ಕವಿಯ ಗುರುತನ್ನು ಆ ಕಾಲ ಅಲಕ್ಷಿಸಲಿಲ್ಲ. ಆಶ್ವಾಸದ ಕೊನೆಯ ಗದ್ಯದಲ್ಲಿ ಕವಿಯ ಹೆಸರು, ವಚನದ ಕೊನೆಯಲ್ಲಿ ಅಂಕಿತ ಕಡ್ಡಾಯವೆಂಬಂತೆ ಉಳಿದುಬಂದವು. ಹೆಸರನ್ನು ಕಾಯಬೇಕು, ಪ್ರತಿಯನ್ನು ತಡೆಯಬಾರದು: ಇದು ಆ ಲೋಕದ ಅಲಿಖಿತ ಕಾನೂನು. ರಾಜಾಶ್ರಯಕ್ಕೆ ತನ್ನದೇ ಆದ ಮೂಗುದಾರವಿತ್ತು, ತಾಳೆಗರಿಯ ಪ್ರತಿ ದುಬಾರಿಯಾಗಿತ್ತು ಎಂಬುದೂ ನಿಜ. ಆ ವ್ಯವಸ್ಥೆಯನ್ನು ಹಾಗೆಯೇ ಮರಳಿ ತರಲಾಗದು. ಆದರೆ ಕವಿಯ ಸಂಭಾವನೆ ಮತ್ತು ಓದುಗನ ದಾರಿ ಪರಸ್ಪರ ಶತ್ರುಗಳಲ್ಲ ಎಂಬುದಕ್ಕೆ ಅದು ಸಾಕ್ಷಿ.

ಇದೇ ಪರಂಪರೆಯಲ್ಲಿ ವಿರುದ್ಧ ನಿದರ್ಶನವೂ ಉಂಟು, ಅದನ್ನು ಮರೆಮಾಚಬೇಕಾಗಿಲ್ಲ. ಷಟ್ಖಂಡಾಗಮದ ಮೇಲೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಪ್ರಾಚೀನ ತಾಳೆಗರಿಗಳು ಮೂಡಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಒದಗುತ್ತಿದ್ದವು, ಓದಿಗಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡಲು ಒಪ್ಪಿಗೆ ದೊರೆತಾಗಲೂ ಪ್ರತಿ ಊರು ಬಿಟ್ಟು ಹೋಗಕೂಡದೆಂಬ ನಿಬಂಧನೆಯಿತ್ತು. ಪ್ರತಿಕಾರರಲ್ಲಿ ಒಬ್ಬರಾದ ಗಜಪತಿ ಉಪಾಧ್ಯಾಯರು ಗುಟ್ಟಾಗಿ ಇನ್ನೊಂದು ಕನ್ನಡ ಪ್ರತಿ ಮಾಡಿಕೊಂಡರು. ಅದು ಉತ್ತರದ ಸಹಾರನ್‌ಪುರವನ್ನು ಸೇರಿತು. ಅಂತಹ ಪ್ರತಿಗಳ ಬಲದಿಂದಲೇ ಡಾ. ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ 1939ರಿಂದ ಧವಲೆ ಅಚ್ಚಾಗತೊಡಗಿತು. ಬಸದಿ ಕಾಯದಿದ್ದರೆ ಗ್ರಂಥ ಉಳಿಯುತ್ತಿರಲಿಲ್ಲ. ಪ್ರತಿ ಹೊರಬೀಳದಿದ್ದರೆ ವಿದ್ವತ್ತು ಹುಟ್ಟುತ್ತಿರಲಿಲ್ಲ. ಕಾಪಾಡಿದವರಿಗೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಕಾವಲು ತನ್ನ ಕೆಲಸ ಮುಗಿದ ಮೇಲೂ ಬಾಗಿಲು ಬಿಡದಿದ್ದಾಗ, ಜ್ಞಾನ ಕಳ್ಳದಾರಿಯಿಂದ ಹೊರಬರಬೇಕಾಗುತ್ತದೆ. ಇಂದಿನ ಕೃತಿಸ್ವಾಮ್ಯ ಕಾಯ್ದೆ ಸಂಶೋಧಕರನ್ನು ತಳ್ಳುತ್ತಿರುವುದು ಅದೇ ದಾರಿಗೆ.

ಅರವತ್ತು ಎಲ್ಲಿಂದ ಬಂತು?

ಮರಣಾನಂತರದ ಅರವತ್ತು ವರ್ಷ ಎಂಬ ಅವಧಿಗೆ ಯಾವ ತಾತ್ತ್ವಿಕ ಆಧಾರವಿದೆ? ಇಂಗ್ಲೆಂಡಿನ 1710ರ ಮೊದಲ ಕೃತಿಸ್ವಾಮ್ಯ ಶಾಸನ ಹೊಸ ಪುಸ್ತಕಕ್ಕೆ ಕೊಟ್ಟದ್ದು 14 ವರ್ಷ. ಅವಧಿ ಮುಗಿದಾಗ ಲೇಖಕ ಬದುಕಿದ್ದರೆ ಇನ್ನೊಂದು 14. ಶಾಶ್ವತ ಹಕ್ಕು ಬೇಕೆಂಬ ಲಂಡನ್ ಪುಸ್ತಕ ವ್ಯಾಪಾರಿಗಳ ವಾದವನ್ನು ಅಲ್ಲಿನ ಪ್ರಭುಸಭೆ 1774ರಲ್ಲಿ ತಿರಸ್ಕರಿಸಿತು. ಮರಣಾನಂತರ 60 ವರ್ಷ ಕೊಡಬೇಕೆಂಬ ಮಸೂದೆ 1841ರಲ್ಲಿ ಬ್ರಿಟಿಷ್ ಸಂಸತ್ತಿನ ಮುಂದೆ ಬಂದಾಗ ಅದನ್ನು ಎದುರಿಸಿ ನಿಂತವನು ಮೆಕಾಲೆ. ಲೇಖಕರಿಗೆ ಸಂಭಾವನೆ ಬೇಕು, ಆದರೆ ಅದು ಓದುಗರ ಮೇಲಿನ ತೆರಿಗೆ. ಸತ್ತು ಅರ್ಧ ಶತಮಾನವಾದ ಮೇಲೆ ಯಾರೋ ಪಡೆಯುವ ಲಾಭ ಬದುಕಿದ್ದ ಲೇಖಕನಿಗೆ ಬರೆಯುವ ಉತ್ಸಾಹ ತುಂಬಲಾರದು ಎಂಬುದು ಅವನ ವಾದ. ಮಸೂದೆ ಬಿದ್ದುಹೋಯಿತು. ಮರುವರ್ಷ ಬಂದ ಕಾನೂನು ಕೊಟ್ಟದ್ದು ಪ್ರಕಟಣೆಯಿಂದ 42 ವರ್ಷ ಅಥವಾ ಮರಣಾನಂತರ 7 ವರ್ಷ, ಯಾವುದು ಹೆಚ್ಚೋ ಅದು. ಭಾರತದ ಶಿಕ್ಷಣವನ್ನು ಕೆಡಿಸಿದನೆಂದು ಮೆಕಾಲೆಯನ್ನು ದಿನವೂ ಶಪಿಸುವ ದೇಶ, ಅವನು ಅಪಾಯಕರವೆಂದು ತಳ್ಳಿದ ಅರವತ್ತನ್ನೇ ತನ್ನ ಕಾನೂನಾಗಿ ಎದೆಗವಚಿಕೊಂಡಿದೆ.

ಅದೂ ಯಾವ ಕಾರಣಕ್ಕೆ? 1957ರ ಭಾರತೀಯ ಕಾಯ್ದೆಯಲ್ಲಿದ್ದುದು ಮರಣಾನಂತರ 50 ವರ್ಷ. ಬರ್ನ್ ಒಪ್ಪಂದವೂ ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದವೂ ಕನಿಷ್ಠವೆಂದು ಕೇಳುವುದು ಇದನ್ನೇ. ರವೀಂದ್ರನಾಥ ಠಾಕೂರರು 1941ರಲ್ಲಿ ತೀರಿಕೊಂಡರು. 1991ರ ಕೊನೆಗೆ ಅವರ ಕೃತಿಗಳು ವಿಶ್ವಭಾರತಿಯ ಕೈತಪ್ಪಿ ಲೋಕದ ಸ್ವತ್ತಾಗಬೇಕಿತ್ತು. ಅದನ್ನು ತಡೆಯಲೆಂದು ಅವಧಿಯನ್ನೇ ಹತ್ತು ವರ್ಷ ಹಿಗ್ಗಿಸಲಾಯಿತು. 1992ರ ತಿದ್ದುಪಡಿ ಅದಕ್ಕೆ ಮುದ್ರೆಯೊತ್ತಿತು. ಒಬ್ಬ ಮಹಾಕವಿಗಾಗಿ, ಒಂದು ಸಂಸ್ಥೆಗಾಗಿ, ಭಾರತದ ಎಲ್ಲ ಭಾಷೆಗಳ ಎಲ್ಲ ಲೇಖಕರ ಬರಹಕ್ಕೂ ಹತ್ತು ವರ್ಷದ ಹೆಚ್ಚುವರಿ ಬೀಗ ಬಿತ್ತು. ಠಾಕೂರರ ಕೃತಿಗಳು 2002ರ ಆರಂಭದಲ್ಲಿ ಮುಕ್ತವಾದವು. ಬೀಗ ಮಾತ್ರ ಉಳಿಯಿತು.

ಕನ್ನಡಕ್ಕೆ ಅದರ ಬೆಲೆ ಎಷ್ಟು? ಬಿ.ಎಂ.ಶ್ರೀ. 1946ರಲ್ಲಿ ತೀರಿಕೊಂಡರು, 1997ಕ್ಕೆ ಮುಕ್ತವಾಗಬೇಕಿದ್ದ ಅವರ ಬರಹ ಮುಕ್ತವಾದುದು 2007ಕ್ಕೆ. ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. ಅವರ ಕಾವ್ಯ, ಸಂಶೋಧನೆಗಳು 2024ರ ಜನವರಿ 1ರವರೆಗೆ ಕಾಯಬೇಕಾಯಿತು. ಮನೆಮನೆ ತಿರುಗಿ ವಚನಗಳ ತಾಳೆಗರಿಗಳನ್ನು ಕೂಡಿಸಿ, ಅವನ್ನು ಅಚ್ಚು ಹಾಕಿಸುವುದಕ್ಕಾಗಿ ತಮ್ಮ ಸರ್ವಸ್ವವನ್ನೂ ಕಳೆದುಕೊಂಡ ಫ.ಗು.ಹಳಕಟ್ಟಿಯವರ ಬರಹಗಳಿಗೆ 2025ರಲ್ಲಿ ಬಿಡುಗಡೆಯಾಯಿತು. ತಾಳೆಗರಿಗಳನ್ನು ಇಟ್ಟುಕೊಂಡಿದ್ದ ಮನೆಗಳವರು ಒಬ್ಬೊಬ್ಬರೂ ಅಂದು ‘ಇದು ನಮ್ಮ ಸ್ವತ್ತು’ ಎಂದು ಕದ ಹಾಕಿಕೊಂಡಿದ್ದರೆ ವಚನಸಾಹಿತ್ಯ ಎಂಬ ಪಠ್ಯವಿಷಯವೇ ಇಂದು ಇರುತ್ತಿರಲಿಲ್ಲ.

ಹೊಳಲ್ಕೆರೆಯನ್ನು ಒಳಗೊಂಡ ಚಿತ್ರದುರ್ಗ ಜಿಲ್ಲೆಯಲ್ಲೇ ಈ ಲೆಕ್ಕದ ಅಸಂಗತಿಯನ್ನು ಕಾಣಬಹುದು. ತಳುಕಿನ ಒಂದೇ ಮನೆತನದ ಇಬ್ಬರನ್ನು ನೋಡಿ. ಟಿ.ಎಸ್.ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಅವರೊಬ್ಬರೇ ಬರೆದುದು ಹಳೆಯ ಐವತ್ತರ ಲೆಕ್ಕದಲ್ಲಿ 1990ರಿಂದಲೇ ಮುಕ್ತ. ಆದರೆ ಅವರು ಎ.ಆರ್.ಕೃಷ್ಣಶಾಸ್ತ್ರಿಗಳೊಡನೆ ಸಂಪಾದಿಸಿದ ‘ಹರಿಶ್ಚಂದ್ರಕಾವ್ಯ ಸಂಗ್ರಹ’ದಲ್ಲಿ ಇಬ್ಬರೂ ಕೂಡಿ ಬರೆದ ಭಾಗಕ್ಕೆ, ಕೊನೆಗೆ ತೀರಿಕೊಂಡವರ ಮರಣವೇ ಲೆಕ್ಕ. ಶಾಸ್ತ್ರಿಗಳು ತೀರಿಕೊಂಡದ್ದು 1968ರಲ್ಲಿ. ಆದ್ದರಿಂದ ಅದು 2028ರ ಕೊನೆಯವರೆಗೆ ಬಂದ್. ವೆಂಕಣ್ಣಯ್ಯನವರ ತಮ್ಮನ ಮಗ ತ.ರಾ.ಸು. 1984ರಲ್ಲಿ ತೀರಿಕೊಂಡರು, ಚಿತ್ರದುರ್ಗದ ಇತಿಹಾಸವನ್ನು ಕನ್ನಡಿಗರ ಮನೆಮಾತಾಗಿಸಿದ ‘ದುರ್ಗಾಸ್ತಮಾನ’ 2044ರ ಕೊನೆಯವರೆಗೆ ಸ್ವಾಮ್ಯದಲ್ಲಿರುತ್ತದೆ. ತ.ರಾ.ಸು. ಅವರ ಕಾದಂಬರಿಗಳಿಗೆ ಇಂದಿಗೂ ಓದುಗರಿದ್ದಾರೆ, ಪ್ರಕಾಶಕರಿದ್ದಾರೆ. ಅಂಥ ಕೃತಿಗಳಿಗೆ ಅವಧಿಯ ಉದ್ದ ದೊಡ್ಡ ಬಾಧೆಯಲ್ಲ. ಬಾಧೆ ತಟ್ಟುವುದು ಒಮ್ಮೆ ಅಚ್ಚಾಗಿ, ಮತ್ತೆ ಅಚ್ಚಾಗದೆ, ಗ್ರಂಥಾಲಯದ ಕಪಾಟಿನಲ್ಲಿ ಗೆದ್ದಲಿಗೆ ಕಾದಿರುವ ನೂರಾರು ಪುಸ್ತಕಗಳಿಗೆ. ಅವುಗಳ ಒಡೆತನದಿಂದ ಯಾರಿಗೂ ಒಂದು ರೂಪಾಯಿಯೂ ಹುಟ್ಟುವುದಿಲ್ಲ. ಅವುಗಳ ಅಭಾವದಿಂದ ಪ್ರತಿಯೊಬ್ಬ ಸಂಶೋಧನ ವಿದ್ಯಾರ್ಥಿಗೂ ನಷ್ಟ.

ಕಾಗದದ ಮೇಲಿನ ತಕ್ಕಡಿ

ಕಾಯ್ದೆಯಲ್ಲಿ ಸಾರ್ವಜನಿಕ ಹಿತಕ್ಕೆ ಎಡೆಯಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. 52ನೆಯ ಕಲಂ ದೀರ್ಘವಾದ ವಿನಾಯಿತಿಗಳ ಪಟ್ಟಿಯನ್ನೇ ಕೊಡುತ್ತದೆ. ಸಂಶೋಧನೆಗೆ, ವಿಮರ್ಶೆಗೆ ನ್ಯಾಯೋಚಿತವಾದಷ್ಟು ಬಳಸಬಹುದು. ದೇಶದಲ್ಲಿ ಮಾರಾಟಕ್ಕೆ ಸಿಗದ ಪುಸ್ತಕದ ಮೂರು ಪ್ರತಿಗಳನ್ನು ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮಾಡಿಕೊಳ್ಳಬಹುದು. ತನ್ನಲ್ಲಿರುವ ಪುಸ್ತಕದ ಡಿಜಿಟಲ್ ಪ್ರತಿಯನ್ನು ಕಾಪಿಡಲು ಇಟ್ಟುಕೊಳ್ಳಬಹುದು. ಪಾಠದ ಅಗತ್ಯಕ್ಕೆ ಜೆರಾಕ್ಸ್ ಪ್ರತಿಗಳ ಕಟ್ಟನ್ನು ಸಿದ್ಧಪಡಿಸುವುದನ್ನು ದೆಹಲಿ ಉಚ್ಚ ನ್ಯಾಯಾಲಯ 2016ರಲ್ಲಿ ಎತ್ತಿಹಿಡಿದಿದೆ.

ಈ ವಿನಾಯಿತಿಗಳ ಬಲ ಕನ್ನಡ ನಾಡಿನ ಪ್ರಕರಣದಲ್ಲೇ ಸರ್ವೋಚ್ಚ ನ್ಯಾಯಾಲಯದವರೆಗೆ ಪರೀಕ್ಷೆಗೊಳಗಾಯಿತು. ಶಿವರಾಮ ಕಾರಂತರು 1997ರಲ್ಲಿ ತೀರಿಕೊಂಡ ಬಳಿಕ ಅವರ ಯಕ್ಷಗಾನ ಬ್ಯಾಲೆಗಳ ಹಕ್ಕು ಅವರ ಉಯಿಲಿನ ಮೂಲಕ ಹಕ್ಕು ಪಡೆದವರದೋ, ಅವುಗಳನ್ನು ಆಡಿಸುತ್ತ ಬಂದ ಮಣಿಪಾಲದ ಶಿಕ್ಷಣ ಸಂಸ್ಥೆಯದೋ ಎಂಬ ವ್ಯಾಜ್ಯ ಎದ್ದಿತು. ಕೆಳಗಿನ ನ್ಯಾಯಾಲಯಗಳು ಉಯಿಲಿನ ಹಕ್ಕನ್ನು ಎತ್ತಿಹಿಡಿದು ಸಂಸ್ಥೆಯ ಪ್ರದರ್ಶನಕ್ಕೆ ತಡೆಯಾಜ್ಞೆ ನೀಡಿದವು. 2009ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಹಕ್ಕನ್ನು ಅಲುಗಿಸಲಿಲ್ಲ. ಆದರೆ ಶಿಕ್ಷಣ ಸಂಸ್ಥೆಗೆ 52ನೆಯ ಕಲಂ ಕೊಟ್ಟಿರುವ ವಿನಾಯಿತಿಯನ್ನು ತಡೆಯಾಜ್ಞೆ ನುಂಗಲಾಗದೆಂದು ತೀರ್ಪನ್ನು ಮಾರ್ಪಡಿಸಿತು. ಒಡೆಯನ ಹಕ್ಕು ನಿಜ, ಅದರ ಎಲ್ಲೆಯೂ ಅಷ್ಟೇ ನಿಜ. ಹೊಳಲ್ಕೆರೆಯ ಒಂದು ಕಾಲೇಜು ಕಾರಂತರ ಬ್ಯಾಲೆಯನ್ನು ಪಾಠದ ಅಂಗವಾಗಿ ವಿದ್ಯಾರ್ಥಿಗಳಿಂದ ಆಡಿಸುವ ಧೈರ್ಯ ತೋರಿದರೆ ಅದಕ್ಕೆ ಆಧಾರ ಈ ತೀರ್ಪು.

ಆದರೆ ವಿನಾಯಿತಿ ಮರುಮುದ್ರಣದವರೆಗೆ ಹೋಗುವುದಿಲ್ಲ. ಅಲ್ಲಿಗೆ ಬೇಕಾದುದು ಕಡ್ಡಾಯ ಪರವಾನಗಿ. ಒಡೆಯ ಕಾರಣವಿಲ್ಲದೆ ಮರುಪ್ರಕಟಣೆಗೆ ಒಪ್ಪದಿದ್ದರೆ 31ನೆಯ ಕಲಂ, ಒಡೆಯ ಯಾರೆಂದೇ ತಿಳಿಯದಿದ್ದರೆ 31ಎ ಕಲಂ ನೆರವಿಗಿವೆ. ಬರೆದಿಟ್ಟ ಮಟ್ಟಿಗೆ ಎಲ್ಲವೂ ಸರಿ. ಆಚರಣೆಯಲ್ಲಿ, ವಾರಸುದಾರರ ಸುಳಿವೇ ಇಲ್ಲದ ಕನ್ನಡ ಪುಸ್ತಕವೊಂದನ್ನು ಐನೂರು ಪ್ರತಿ ಅಚ್ಚು ಹಾಕಲು ಬಯಸುವ ಸಣ್ಣ ಪ್ರಕಾಶಕ, ದೇಶದ ಬಹುಭಾಗದಲ್ಲಿ ಪ್ರಸಾರವಿರುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ಪರವಾನಗಿ ಕೊಡುತ್ತಿದ್ದ ಮೇಲ್ಮನವಿ ಮಂಡಳಿ 2021ರಲ್ಲಿ ರದ್ದಾದ ಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತಬೇಕು. ಜಾಹೀರಾತಿನ ಖರ್ಚು, ವಕೀಲರ ಶುಲ್ಕ ಸೇರಿದರೆ ಪುಸ್ತಕದ ಇಡೀ ಮುದ್ರಣದ ವೆಚ್ಚವನ್ನೇ ಮೀರುತ್ತದೆ. ತಕ್ಕಡಿಗೆ ಎರಡು ತಟ್ಟೆಗಳಿವೆ. ಒಂದರಲ್ಲಿ ಹಕ್ಕು ತಾನಾಗಿ ಬಂದು ಕೂರುತ್ತದೆ, ಇನ್ನೊಂದರಲ್ಲಿ ಹಿತವನ್ನು ಕೂರಿಸಲು ಓದುಗ ಮೊಕದ್ದಮೆ ಹೂಡಬೇಕು. ಇದನ್ನು ಸಮತೋಲನವೆನ್ನುವುದು ಭಾಷೆಗೆ ಮಾಡುವ ಅಪಚಾರ.

ಇದರ ಜೊತೆಗೆ, ಕಾಯ್ದೆ ಕೊಡದ ಹಕ್ಕನ್ನೂ ಕೆಲವರು ಪಡೆದುಕೊಂಡಿದ್ದಾರೆ. ವಡ್ಡಾರಾಧನೆ ಸಾವಿರ ವರ್ಷ ಹಳೆಯದು; ಅದರ ಪಠ್ಯ ಯಾರ ಸ್ವತ್ತೂ ಅಲ್ಲ. ಡಿ.ಎಲ್.ನರಸಿಂಹಾಚಾರ್ಯರು 1949ರಲ್ಲಿ ಅದನ್ನು ಸಂಪಾದಿಸಿದಾಗ ಬರೆದ ಪೀಠಿಕೆ, ಟಿಪ್ಪಣಿಗಳಿಗೆ ಸ್ವಾಮ್ಯವಿದೆ. 1971ರಲ್ಲಿ ತೀರಿಕೊಂಡ ಅವರ ಸ್ವಂತ ಬರಹಗಳು 2031ರ ಕೊನೆಯವರೆಗೆ ಕಾಯಬೇಕು. ಈ ಎರಡರ ನಡುವಣ ಗೆರೆಯನ್ನು ಅಳಿಸಿ, ಪ್ರಾಚೀನ ಪಠ್ಯಕ್ಕೂ ಸೇರಿಸಿ ‘ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆ’ ಎಂದು ಮೊದಲ ಪುಟದಲ್ಲಿ ಅಚ್ಚು ಹಾಕುವ ಪರಿಪಾಠ ಬೆಳೆದಿದೆ. ನ್ಯಾಯಾಲಯದ ತೀರ್ಪುಗಳನ್ನು ಸಂಪಾದಿಸಿ ಪ್ರಕಟಿಸಿದವರ ಹಕ್ಕಿನ ವಿಚಾರವಾಗಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದ ತತ್ತ್ವ ಇಲ್ಲಿಯೂ ಅನ್ವಯಿಸತಕ್ಕದ್ದು: ಬರಿಯ ಶ್ರಮ ಸ್ವಾಮ್ಯವನ್ನು ಹುಟ್ಟಿಸದು, ಕಿಂಚಿತ್ತಾದರೂ ಸ್ವಂತ ಪ್ರತಿಭೆ ಬೇಕು. ಸಾರ್ವಜನಿಕ ಹಣದಲ್ಲಿ ಸಂಪಾದನೆಯಾದ ಪ್ರಾಚೀನ ಪಠ್ಯವನ್ನು ಸಾರ್ವಜನಿಕರಿಗೆ ನಿರಾಕರಿಸುವುದು ಕಾನೂನಿನ ಪಾಲನೆಯಲ್ಲ, ಕಾನೂನಿನ ಹೆಸರಿನಲ್ಲಿ ನಡೆಯುವ ಅತಿಕ್ರಮಣ.

ಆಕ್ಷೇಪಗಳು

ಸ್ವಾಮ್ಯ ಹೋದರೆ ಕೃತಿಯನ್ನು ಯಾರು ಬೇಕಾದರೂ ತಿರುಚಿಯಾರು ಎಂಬುದು ಮೊದಲ ಆಕ್ಷೇಪ. ಇದಕ್ಕೆ ಕಾಯ್ದೆಯ 57ನೆಯ ಕಲಂ ಉತ್ತರಿಸುತ್ತದೆ. ಲೇಖಕನ ಹೆಸರನ್ನು ಅಳಿಸದಂತೆ, ಕೃತಿಯನ್ನು ಆತನ ಗೌರವಕ್ಕೆ ಕುಂದಾಗುವಂತೆ ವಿರೂಪಗೊಳಿಸದಂತೆ ತಡೆಯುವ ಹಕ್ಕು ಆರ್ಥಿಕ ಸ್ವಾಮ್ಯದಿಂದ ಬೇರೆಯೇ ಆದುದು. ವಿರೂಪದ ವಿರುದ್ಧದ ಹಕ್ಕಿಗೆ ಇದ್ದ ಕಾಲಮಿತಿಯನ್ನು 2012ರ ತಿದ್ದುಪಡಿ ತೆಗೆದುಹಾಕಿದೆ. ಅಂಕಿತವನ್ನು ಕಾಯ್ದು ಪ್ರತಿಯನ್ನು ಬಿಟ್ಟುಕೊಟ್ಟ ಹಳೆಯ ಕನ್ನಡ ನ್ಯಾಯ ಈ ಕಲಂನಲ್ಲಿ ಜೀವಂತವಾಗಿದೆ.

ಒಡೆತನವಿಲ್ಲದ ಪುಸ್ತಕವನ್ನು ಯಾವ ಪ್ರಕಾಶಕ ಅಚ್ಚು ಹಾಕುವನು ಎಂಬುದು ಎರಡನೆಯದು. ಕುಮಾರವ್ಯಾಸನಿಗೆ ಒಡೆಯರಿಲ್ಲ, ಕುವೆಂಪು ಮತ್ತು ಮಾಸ್ತಿಯವರ ಸಂಪಾದಕತ್ವದಲ್ಲಿ ಮೈಸೂರು ಸರ್ಕಾರ ಸುಲಭ ಬೆಲೆಗೆ ಅವನನ್ನು ಮನೆಮನೆಗೆ ತಲುಪಿಸಿತು. ಸರ್ವಜ್ಞನಿಗೆ ಒಡೆಯರಿಲ್ಲ, ಅವನ ತ್ರಿಪದಿಗಳ ಪುಸ್ತಕ ಜಾತ್ರೆಯ ಅಂಗಡಿಯಲ್ಲೂ ಸಿಗುತ್ತದೆ. ಅನುಭವ ಹೇಳುವುದು ಆಕ್ಷೇಪದ ವಿರುದ್ಧವನ್ನೇ.

ವಾರಸುದಾರರ ಹಿತ ಏನಾಗಬೇಕು ಎಂಬುದು ಮೂರನೆಯದು, ಮತ್ತು ಇದೊಂದೇ ಗಂಭೀರವಾದುದು. ಲೇಖಕನ ಪತ್ನಿ, ಎಳೆಯ ಮಕ್ಕಳು ಬೀದಿಪಾಲಾಗಬಾರದು. ಆದರೆ ಅರವತ್ತು ವರ್ಷವೆಂದರೆ ಮೊಮ್ಮಕ್ಕಳೂ ಮುದುಕರಾಗುವ ಕಾಲ. ಅಷ್ಟರಲ್ಲಿ ಹಕ್ಕು ಹತ್ತಾರು ಪಾಲಾಗಿ, ಅನುಮತಿ ಕೇಳಬೇಕಾದವರ ವಿಳಾಸವೇ ಸಿಗದಾಗುತ್ತದೆ. ಕುಟುಂಬಕ್ಕೆ ನೆರವಾಗುವ ದಾರಿಯನ್ನು ನೆರೆಯ ತಮಿಳುನಾಡು ತೋರಿಸಿದೆ. 1949ರಲ್ಲಿ ಅಂದಿನ ಮದ್ರಾಸ್ ಸರ್ಕಾರ ಸುಬ್ರಹ್ಮಣ್ಯ ಭಾರತಿಯವರ ಕೃತಿಗಳ ಹಕ್ಕನ್ನು ಪಡೆದುಕೊಂಡಿತು. ಮುಂದೆ ಅವು ಜನರದಾದವು. ಆ ಬಳಿಕ ಅಲ್ಲಿನ ಸರ್ಕಾರಗಳು ನೂರಕ್ಕೂ ಹೆಚ್ಚು 
ಲೇಖಕರ ಕೃತಿಗಳನ್ನು ರಾಷ್ಟ್ರೀಕರಿಸಿ, ವಾರಸುದಾರರಿಗೆ ಒಮ್ಮೆಗೇ ಗೌರವಧನ ನೀಡುವ ಪದ್ಧತಿ ಬೆಳೆಸಿದವು. ಮಲ್ಲಪನೂ ಅತ್ತಿಮಬ್ಬೆಯೂ ಹತ್ತನೆಯ ಶತಮಾನದಲ್ಲಿ ಮಾಡಿದ್ದು ಇದನ್ನೇ: ಬರೆದವನಿಗೆ ಒಮ್ಮೆ ಕೊಟ್ಟು, ಬರಹವನ್ನು ಎಲ್ಲರಿಗೂ ಬಿಟ್ಟುಕೊಡುವುದು.

ಆಗಬೇಕಾದುದು

ಕೇಂದ್ರದ ಕಾಯ್ದೆ ಬದಲಾಗುವವರೆಗೆ ಕನ್ನಡ ಕಾಯಬೇಕಾಗಿಲ್ಲ. ಮೊದಲನೆಯದಾಗಿ, ಕರ್ನಾಟಕ ಸರ್ಕಾರ ಮರುಮುದ್ರಣವಿಲ್ಲದೆ ನಿಂತ ಕೃತಿಗಳ ಹಕ್ಕನ್ನು ಗೌರವಧನ ಕೊಟ್ಟು ಪಡೆದು ಮುಕ್ತಗೊಳಿಸುವ ಯೋಜನೆಯನ್ನು ತಮಿಳುನಾಡಿನ ಮಾದರಿಯಲ್ಲಿ ಆರಂಭಿಸಬೇಕು. ವರ್ಷಕ್ಕೊಂದು ಸಮ್ಮೇಳನಕ್ಕೆ ಹಣ ಹೊಂದಿಸುವ ನಾಡಿಗೆ ಇದು ಭಾರವಲ್ಲ. ಎರಡನೆಯದಾಗಿ, ವಿಶ್ವವಿದ್ಯಾಲಯಗಳು ಸಾರ್ವಜನಿಕ ಹಣದಲ್ಲಿ ಪ್ರಕಟಿಸಿದ ಪ್ರಾಚೀನ ಪಠ್ಯಗಳ ಮೇಲಿನ ನಿಷೇಧ ವಾಕ್ಯವನ್ನು ಕೈಬಿಡಬೇಕು. ಮೂರನೆಯದಾಗಿ, ಹಕ್ಕುಳ್ಳವರು ತಮ್ಮ ಕೈಯಲ್ಲಿರುವ ಕಾಗದಗಳನ್ನು ಪರಿಶೀಲಿಸಬೇಕು. ಹಕ್ಕಿನ ವರ್ಗಾವಣೆ ಲಿಖಿತವಾಗಿರಲೇಬೇಕು. ಅವಧಿ ಬರೆಯದ ಕರಾರು ಐದು ವರ್ಷಕ್ಕೆ ಮುಗಿಯುತ್ತದೆ ಎಂದು 19ನೆಯ ಕಲಂ ಹೇಳುತ್ತದೆ. ಪ್ರಕಾಶಕನದೆಂದು ಭಾವಿಸಿದ ಎಷ್ಟೋ ಹಕ್ಕುಗಳು ವಾಸ್ತವವಾಗಿ ಲೇಖಕರ ಮನೆಯಲ್ಲೇ ಇವೆ. ಬಿಡುಗಡೆ ಮಾಡುವ ಅಧಿಕಾರವೂ ಅಲ್ಲಿಯೇ ಇದೆ.

ನಾಲ್ಕನೆಯದು ಬದುಕಿರುವ ಬರಹಗಾರರಿಗೆ ಸಂಬಂಧಿಸಿದ್ದು. 21ನೆಯ ಕಲಂ ಪ್ರಕಾರ ಲೇಖಕ ತನ್ನ ಹಕ್ಕನ್ನು ಪೂರ್ತಿಯಾಗಿಯೋ ಭಾಗಶಃವೋ ಬಿಟ್ಟುಕೊಡಬಹುದು. 2012ರಿಂದ ಅದಕ್ಕೊಂದು ಸಾರ್ವಜನಿಕ ಪ್ರಕಟಣೆಯೇ ಸಾಕು. ಸಂಬಳ ಪಡೆದು ಸಂಶೋಧನೆ ಮಾಡುವ ಪ್ರಾಧ್ಯಾಪಕರು ಕನಿಷ್ಠ ತಮ್ಮ ಸಂಶೋಧನ ಲೇಖನಗಳ ಮಟ್ಟಿಗಾದರೂ ಇದನ್ನು ಮಾಡದಿರಲು ಯಾವ ಸಬೂಬೂ ಇಲ್ಲ. ಹಳಕಟ್ಟಿಯವರ ಹೆಸರಿನಲ್ಲಿ ಪ್ರಶಸ್ತಿ ಪಡೆದು, ತಮ್ಮ ಪ್ರಬಂಧದ ಪ್ರತಿಯನ್ನು ವಿದ್ಯಾರ್ಥಿಗೆ ಕೊಡಲು ಹಿಂದೆಗೆಯುವ ವಿದ್ವತ್ತಿಗೆ ಕಾನೂನನ್ನು ದೂರುವ ಅಧಿಕಾರವಿಲ್ಲ. ಅರವತ್ತನ್ನು ಮರಳಿ ಐವತ್ತಕ್ಕೆ ಇಳಿಸಲು ಯಾವ ಅಂತರರಾಷ್ಟ್ರೀಯ ಒಪ್ಪಂದವೂ ಅಡ್ಡಬರುವುದಿಲ್ಲ. ಆ ಬೇಡಿಕೆಯನ್ನು ಕನ್ನಡದ ಅಕಾಡೆಮಿಗಳೂ ಸಾಹಿತ್ಯ ಪರಿಷತ್ತೂ ದೆಹಲಿಯ ಮುಂದಿಡಬೇಕು. ಅಲ್ಲಿಯವರೆಗೆ, ಡಿ.ವಿ.ಜಿ. ಅವರ ಬರಹಗಳು 2036ರ ಹೊಸ ವರ್ಷಕ್ಕೆ, ಮಾಸ್ತಿಯವರವು 2047ಕ್ಕೆ, ತಿರುಕನವು 2057ಕ್ಕೆ ಕಾಯುತ್ತಿರುತ್ತವೆ.